ದುಡ್ಡಿನ ಕತೆ, ಭಾಗ 6: ಒಂದೇ ಕಾರ್ಡು, ಎರಡು ರೇಟು

(1/3)
ಫಾರೆಕ್ಸ್ ಚಾಪ್ಟರ್ ಬೋರು ಅಂತ ಕ್ಲಾಸ್ ಗ್ರೂಪಲ್ಲಿ ಮೀಮ್ ಹಾಕಿದ್ರಲ್ಲ, ಈ ಪೋಸ್ಟ್ ನಿಮಗೇ. ಎಕ್ಸ್‌ಚೇಂಜ್ ರೇಟು ಒಂದು ಮನೆಯ ಊಟವನ್ನೇ ಹೇಗೆ ನುಂಗುತ್ತೆ ಅನ್ನೋದು ನನಗೆ ಅರ್ಥವಾಗಿದ್ದು ಲೆಬನಾನ್ ಬಗ್ಗೆ ಓದಿದಾಗ.

2011ರಲ್ಲಿ ಸಿರಿಯಾದಲ್ಲಿ ಯುದ್ಧ ಶುರುವಾಗಿ ಲಕ್ಷಾಂತರ ಜನ ಅಕ್ಕಪಕ್ಕದ ದೇಶಗಳಿಗೆ ಓಡಿದ್ರು. ಲೆಬನಾನ್ ನಮ್ಮ ಬೆಳಗಾವಿ ಜಿಲ್ಲೆಗಿಂತಲೂ ಚಿಕ್ಕದು. 2014ರ ಹೊತ್ತಿಗೆ ಅಲ್ಲಿ ಹೆಸರು ನೋಂದಾಯಿಸಿದ ಸಿರಿಯನ್ನರೇ 10 ಲಕ್ಷ ದಾಟಿದ್ರು. ಅವರಿಗಾಗಿ ಸರ್ಕಾರ ಅಧಿಕೃತ ಕ್ಯಾಂಪ್ ಮಾಡಲಿಲ್ಲ. ಹಾಗಾಗಿ ರೂಮು, ಗ್ಯಾರೇಜು, ಹೊಲದಲ್ಲಿ ಟೆಂಟು, ಎಲ್ಲದಕ್ಕೂ ಬಾಡಿಗೆ. ಬಾಡಿಗೆ ಕಟ್ಟೋಕೆ ಅಕ್ಕಿ ಮೂಟೆ ಕೊಟ್ರೆ ಆಗುತ್ತಾ?

ಇದು ನನಗೆ ಪುಸ್ತಕದ ವಿಷಯ ಅಲ್ಲ. 2019ರ ಆಗಸ್ಟ್ ನೆರೆಯಲ್ಲಿ ಘಟಪ್ರಭಾ ದಂಡೆಯ ನಮ್ಮೂರು ಮುಳುಗಿತ್ತು. ಗಂಜಿ ಕೇಂದ್ರಕ್ಕೆ ಲಾರಿಗಟ್ಟಲೆ ಹಳೇ ಸೀರೆ ಬಂತು. ಕಳಿಸಿದವರ ಮನಸ್ಸು ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಮೂರನೇ ಲಾರಿ ಬಂದಾಗ ನಮ್ಮವ್ವ, "ಇಷ್ಟ್ ಸೀರಿ ತಗೊಂಡ್ ಏನ್ ಮಾಡ್ಲಿ? ದನಕ್ಕ ಮೇವು ತರಾಕ ರೊಕ್ಕ ಬೇಕಾಗೇತಿ" ಅಂದಿದ್ಲು. ಮೇವು ಬೇಕು ಅನ್ನೋದು ಲಾರಿ ತುಂಬಿಸಿದವರಿಗೆ ಹೇಗೆ ಗೊತ್ತಾಗಬೇಕು? ನಗದು ನೆರವಿನ ಹಿಂದಿನ ಲಾಜಿಕ್ಕೇ ಅದು. ಏನು ಬೇಕು ಅಂತ ಮನೆಯವರೇ ತೀರ್ಮಾನ ಮಾಡ್ಲಿ.

(2/3)
ಆದ್ರೆ ದುಡ್ಡು ಹಂಚೋದೂ ಗೋಜಲೇ. 2014ರಲ್ಲಿ ಲೆಬನಾನ್ ಒಂದರಲ್ಲೇ ಕನಿಷ್ಠ 30 ಸಂಸ್ಥೆಗಳು 14 ಬೇರೆ ಬೇರೆ ಉದ್ದೇಶಕ್ಕೆ ಹಣ ಅಥವಾ ವೋಚರ್ ಕೊಡ್ತಿದ್ವು. ಚಳಿಗಾಲಕ್ಕೆ ಒಂದು, ಊಟಕ್ಕೆ ಇನ್ನೊಂದು. ಒಂದೇ ಬಿಲ್ಡಿಂಗಲ್ಲಿ ಇರೋ ಎರಡು ಮನೆಗೆ ಬೇರೆ ಬೇರೆ ಮೊತ್ತ ಬಂದ್ರೆ ಜಗಳ ಆಗದೆ ಇರುತ್ತಾ?

2016ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ವಿಶ್ವ ಆಹಾರ ಕಾರ್ಯಕ್ರಮ, ಯುನಿಸೆಫ್ ಮತ್ತು ಕೆಲವು ಎನ್‌ಜಿಓಗಳು ಸೇರಿ 'ಲೂಯಿಸ್' ಅನ್ನೋ ವ್ಯವಸ್ಥೆ ಮಾಡಿದ್ವು. ಒಂದು ಬ್ಯಾಂಕು, ಮನೆಗೊಂದು ಕಾರ್ಡು. ತೀರಾ ಬಡ ಕುಟುಂಬಕ್ಕೆ ತಿಂಗಳಿಗೆ 175 ಡಾಲರ್, ಊಟಕ್ಕೆ ತಲಾ 27 ಡಾಲರ್ ಬೇರೆ. ಯಾರು ಕೊಟ್ರೂ ಅದೇ ಕಾರ್ಡಿಗೆ.

ಪಕ್ಕದ ದೇಶಗಳ ದಾರಿ ಬೇರೆ. ಜೋರ್ಡಾನ್‌ನಲ್ಲಿ ಕಾರ್ಡೂ ಬೇಕಿರಲಿಲ್ಲ, ಎಟಿಎಂ ಮುಂದೆ ನಿಂತು ಕಣ್ಣು ತೋರಿಸಿದ್ರೆ ಸ್ಕ್ಯಾನ್ ಆಗಿ ದುಡ್ಡು ಬರ್ತಿತ್ತು. (ಕೇಳೋಕೆ ಸಿನಿಮಾ ಥರ ಇದೆ, ಆದ್ರೆ ನನ್ನ ಕಣ್ಣಿನ ಡೇಟಾ ಎಲ್ಲಿರುತ್ತೆ ಅಂತ ನಾನಂತೂ ಕೇಳ್ತಿದ್ದೆ.) ಟರ್ಕಿಯಲ್ಲಿ ಯುರೋಪಿಯನ್ ಯೂನಿಯನ್ ದುಡ್ಡು ರೆಡ್ ಕ್ರೆಸೆಂಟ್ ಕಾರ್ಡಿನ ಮೂಲಕ 15 ಲಕ್ಷಕ್ಕೂ ಹೆಚ್ಚು ಜನರಿಗೆ ತಲುಪಿತು. ಅಣ್ಣ ಟರ್ಕಿಗೆ, ತಮ್ಮ ಲೆಬನಾನಿಗೆ ಹೋಗಿದ್ರೆ ಇಬ್ಬರ ಮೊತ್ತವೂ ಬೇರೆ, ನಿಯಮವೂ ಬೇರೆ.

(3/3)
ಈಗ ಕ್ಯಾಲ್ಕುಲೇಟರ್ ತಗೊಳ್ಳಿ.

1997ರಿಂದ 2023ರ ಆರಂಭದವರೆಗೆ ಲೆಬನಾನಿನ ಅಧಿಕೃತ ರೇಟು ಒಂದು ಡಾಲರ್‌ಗೆ 1507.5 ಪೌಂಡ್ ಇತ್ತು. 175 ಡಾಲರ್ ಅಂದ್ರೆ ಸುಮಾರು 2,63,800 ಪೌಂಡ್. 2019ರ ಕೊನೆಗೆ ಬ್ಯಾಂಕುಗಳು ಕುಸಿದ್ವು. 2021ರ ಜೂನ್ ಹೊತ್ತಿಗೆ ಬ್ಲಾಕ್ ಮಾರ್ಕೆಟ್‌ನಲ್ಲಿ ಡಾಲರ್ ಬೆಲೆ 15,000 ಪೌಂಡ್. ಅಂಗಡಿಯ ಬೆಲೆ ಓಡ್ತಿದ್ದದ್ದು ಈ ರೇಟಿನ ಹಿಂದೆ. ದಾನಿ ದೇಶ ಕಳಿಸಿದ್ದು ಡಾಲರು, ಆದ್ರೆ ಎಟಿಎಂನಿಂದ ಬರ್ತಿದ್ದದ್ದು ಪೌಂಡು. ಹಳೇ ರೇಟಲ್ಲೇ ಬದಲಿಸಿದ್ರೆ 175 ಡಾಲರ್‌ನ ಬೆಲೆ ಹದಿನೇಳೂವರೆ ಡಾಲರ್! ಉಳಿದದ್ದು ಮಧ್ಯದಲ್ಲೇ ಮಾಯ.

ಸಂಸ್ಥೆಗಳು ಸುಮ್ನೆ ಕೂತಿರಲಿಲ್ಲ. ಒಟ್ಟಾಗಿ ಚೌಕಾಸಿ ಮಾಡಿ ಸ್ವಲ್ಪ ಒಳ್ಳೆ ರೇಟು ಪಡೆದ್ವು, ಕೊಡೋ ಮೊತ್ತವನ್ನೂ ಏರಿಸಿದ್ವು. ಆದ್ರೆ ಮಾರ್ಕೆಟ್ ರೇಟು ಯಾವಾಗಲೂ ಮುಂದೆ. ಕನಿಷ್ಠ 25 ಕೋಟಿ ಡಾಲರ್ ನೆರವು ಹೀಗೆ ಬ್ಯಾಂಕುಗಳ ಪಾಲಾಯ್ತು ಅಂತ 2021ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ವರದಿ ಮಾಡಿತು. ಮೂವತ್ತು ಸಂಸ್ಥೆಗಳು ಮೂವತ್ತು ಕಡೆ ಚೌಕಾಸಿ ಮಾಡಿದ್ರೆ ಇನ್ನೂ ಹೆಚ್ಚು ಹೋಗ್ತಿತ್ತು ಅಂತ ನನ್ನ ಅನಿಸಿಕೆ. ಆದ್ರೆ ಎಲ್ಲರನ್ನೂ ಒಂದೇ ಬ್ಯಾಂಕಿಗೆ ಕಟ್ಟಿಹಾಕಿದ್ರೆ ಏಟೂ ಎಲ್ಲರಿಗೂ ಒಟ್ಟಿಗೇ ಬೀಳುತ್ತೆ.

ಹಾಗಾದ್ರೆ ನೇರ ಡಾಲರ್ ಕೊಡಬಹುದಿತ್ತಲ್ಲ? 2023ರ ಮೇನಲ್ಲಿ ಆ ಆಯ್ಕೆ ಶುರುವಾಯ್ತು. ಲೆಬನಾನ್ ಸರ್ಕಾರ ಬೇಡ ಅಂದಿದ್ದಕ್ಕೆ ಅದೇ ತಿಂಗಳು ನಿಂತೂ ಹೋಯ್ತು. ಸರ್ಕಾರದ ಭಯ ಪೂರ್ತಿ ಸುಳ್ಳಲ್ಲ. ಅಲ್ಲಿನ ಮೇಷ್ಟ್ರು, ಸೈನಿಕರ ಸಂಬಳ ನಿಗದಿಯಾಗಿದ್ದದ್ದು ಪೌಂಡಲ್ಲೇ. ತಿಂಗಳಿಗೆ 6,75,000 ಪೌಂಡ್ ಕನಿಷ್ಠ ಕೂಲಿ ಒಂದು ಕಾಲಕ್ಕೆ ಸುಮಾರು 450 ಡಾಲರ್ ಇತ್ತು, 15,000ದ ರೇಟಿಗೆ ಬರೀ 45. ಪಕ್ಕದ ಟೆಂಟಿಗೆ ಡಾಲರ್ ಬರೋದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಯಾರಿಗೇ ಆಗ್ಲಿ.

ಆದ್ರೂ ನನ್ನ ಓಟು ಡಾಲರ್‌ಗೇ. ಪೌಂಡ್ ಕೊಟ್ಟಿದ್ರಿಂದ ಮೇಷ್ಟ್ರ ಸಂಬಳ ಏನೂ ಹೆಚ್ಚಾಗಲಿಲ್ಲ, ಲಾಭ ಆಗಿದ್ದು ಬ್ಯಾಂಕಿಗೆ. ನೀವು ಏನಂತೀರಿ? ಕಾಮೆಂಟಲ್ಲಿ ಬೈಯೋದಾದ್ರೆ ಲೆಕ್ಕ ಹಾಕಿ ಬೈಯಿರಿ.