ಕಾರ್ಡು ಕೇಳದ ನರ್ಸಮ್ಮ

ವಿದುರಾಶ್ವತ್ಥದ ನಾಗಪ್ಪನಿಗೆ ಮನುಷ್ಯರ ಕಷ್ಟಗಳ ಪರಿಚಯ ಚೆನ್ನಾಗಿಯೇ ಇದೆ. ಮಕ್ಕಳಾಗಲಿ ಎಂದು ನಾಗರಕಲ್ಲು ನಿಲ್ಲಿಸುವವರು, ಮೈಮೇಲಿನ ಕಜ್ಜಿ ಹೋಗಲಿ ಎಂದು ಹರಕೆ ಹೊರುವವರು, ಎಲ್ಲರೂ ಬರುತ್ತಾರೆ. ಆದರೆ ಬಿಪಿ, ಶುಗರ್‌ಗೆ ಹರಕೆ ಹೊತ್ತವರನ್ನು ಮಾತ್ರ ನಾನು ಕಂಡಿಲ್ಲ. ಅವು ದೇವರವರೆಗೆ ಒಯ್ಯುವಷ್ಟು ದೊಡ್ಡ ಕಾಯಿಲೆಗಳೆಂದು ಯಾರಿಗೂ ಅನ್ನಿಸುವುದಿಲ್ಲ. ದಿನಾ ಒಂದು ಮಾತ್ರೆ ನುಂಗಬೇಕು, ತಿಂಗಳಿಗೊಮ್ಮೆ ಯಾರಾದರೂ ತೋಳಿಗೆ ಪಟ್ಟಿ ಸುತ್ತಿ ನೋಡಿ, 'ಉಪ್ಪಿನಕಾಯಿ ಮುಟ್ಟಬೇಡಿ' ಎಂದು ಗದರಬೇಕು. ಆ 'ಯಾರಾದರೂ' ಯಾರು ಎನ್ನುವುದೇ ತಾಪತ್ರಯ.

ಆ ಸೀಮೆಯ ಹಳ್ಳಿಯೊಂದರಲ್ಲಿರುವ ನಮ್ಮ ದೊಡ್ಡಮ್ಮನಿಗೆ ಈ ತಾಪತ್ರಯ ಇರಲಿಲ್ಲ. ಅವಳ ಬಳಿ ಕಾರ್ಡಿತ್ತು. ಗ್ರಾಮ ಒನ್ ಕೇಂದ್ರದಲ್ಲಿ ಬೆರಳೊತ್ತಿ ಮಾಡಿಸಿದ ಆಯುಷ್ಮಾನ್ ಕಾರ್ಡು. ವೆಂಕಟರಮಣಸ್ವಾಮಿ ಪಟದ ಹಿಂದೆ ರೇಷನ್ ಕಾರ್ಡಿನ ಜೊತೆ ಅದರ ವಾಸ. "ವರ್ಷಕ್ಕೆ ಐದು ಲಕ್ಷ ಕಣಪ್ಪ, ನನಗಿನ್ನೇನು?" ಎನ್ನುವಾಗ ಅವಳ ಮುಖದಲ್ಲಿ ಠೇವಣಿ ಇಟ್ಟವರ ನೆಮ್ಮದಿ. ಒಂದು ದಿನ ತಲೆಸುತ್ತು ಬಂತೆಂದು ಆ ಕಾರ್ಡು ಹಿಡಿದು ಪೇಟೆಯ ಕ್ಲಿನಿಕ್ಕೊಂದಕ್ಕೆ ಹೋದಳು. ಅಲ್ಲಿಯ ಹುಡುಗ ಕಾರ್ಡನ್ನು ತಿರುಗಿಸಿ ನೋಡಿ, "ಅಜ್ಜಿ, ಇದು ಇಲ್ಲಿ ನಡೆಯಲ್ಲ, ಫೀಜು ಕೊಡಿ" ಅಂದ. ದೊಡ್ಡಮ್ಮ ಫೀಜು ಕೊಟ್ಟಳು, ಮನೆಗೆ ಬಂದು ನನ್ನನ್ನು ವಿಚಾರಿಸಿಕೊಂಡಳು. "ಐದು ಲಕ್ಷದಲ್ಲಿ ಇನ್ನೂರು ರೂಪಾಯಿ ಮುರಕೊಳ್ಳೋಕೆ ಅವನಿಗೇನು ಕಷ್ಟ?"

ಹುಡುಗ ಸುಳ್ಳು ಹೇಳಿರಲಿಲ್ಲ. ಆರೋಗ್ಯ ಕರ್ನಾಟಕ ಯೋಜನೆ ಬಂದದ್ದು 2018ರಲ್ಲಿ. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಅದು ಸೇರಿಹೋಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜು ದರದ ಶೇಕಡ 30 ಭಾಗ ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಪಟ್ಟಿಯಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು ಚಿಕಿತ್ಸೆಗಳಿವೆ. ಆದರೆ ಖಾಸಗಿ ಆಸ್ಪತ್ರೆಯ ಮಟ್ಟಿಗೆ ಅವೆಲ್ಲ ದಾಖಲಾಗಿ ಮಾಡಿಸಿಕೊಳ್ಳುವಂಥವು, ಇಲ್ಲವೇ ಡಯಾಲಿಸಿಸ್‌ನಂತೆ ಹಗಲಿನಲ್ಲೇ ಮುಗಿಯುವಂಥವು. ತುರ್ತು ಸಂದರ್ಭ ಬಿಟ್ಟರೆ ಅಲ್ಲಿಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು, ಆಮೇಲೆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ 'ಆರೋಗ್ಯ ಮಿತ್ರ'ನನ್ನು ಹುಡುಕಬೇಕು. 2003ರಲ್ಲಿ ಸಹಕಾರ ಸಂಘಗಳ ರೈತರಿಗೆಂದು ಬಂದ ಯಶಸ್ವಿನಿಯ ಕಣ್ಣೂ ಆಪರೇಷನ್ ಥಿಯೇಟರಿನ ಮೇಲೆಯೇ ಇತ್ತು, 2010ರ ವಾಜಪೇಯಿ ಆರೋಗ್ಯಶ್ರೀಯದೂ ಹಾಗೆಯೇ. ದೊಡ್ಡ ಕಾಯಿಲೆಗೆ ಮನೆ ಮಾರಬಾರದು ಎನ್ನುವುದು ಈ ಯೋಜನೆಗಳ ಲೆಕ್ಕ, ಒಳ್ಳೆಯ ಲೆಕ್ಕವೇ. ಆದರೆ ತಲೆಸುತ್ತಿನ ಹೆಂಗಸಿಗೆ ಅದರಲ್ಲಿ ಜಾಗವಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದೆ. ದೊಡ್ಡಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು: "ಹಂಗಾದ್ರೆ ಇದು ಬೀರುವಿನಲ್ಲಿರೋ ರೇಷ್ಮೆ ಸೀರೆ ಅನ್ನು. ದಿನಾ ಉಡೋಕಲ್ಲ."

ಆಂಧ್ರದ ಗಡಿಯಲ್ಲಿರುವ ನಮ್ಮ ಕಡೆಯವರಿಗೆ ಇನ್ನೊಂದು ಆಸೆ ಇರುತ್ತದೆ. ಹಿಂದೂಪುರ ಕೈಯಳತೆಯಲ್ಲಿದೆ, ಮಾತೂ ತೆಲುಗು, ನೆಂಟರೂ ಅಲ್ಲೇ. ಆದರೆ ಅಲ್ಲಿನ ಸರ್ಕಾರದ ಆರೋಗ್ಯ ಯೋಜನೆ ಆಂಧ್ರದವರಿಗೆ. ನಮ್ಮ ಕಾರ್ಡು ಆ ಕಡೆ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಬಸ್ಸು ಹತ್ತಬೇಕು. ನೆಂಟಸ್ತಿಕೆ ದಾಟುವಷ್ಟು ಸಲೀಸಾಗಿ ಕಾರ್ಡುಗಳು ಗಡಿ ದಾಟುವುದಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿರುವ ದೊಡ್ಡಮ್ಮನ ಮೊಮ್ಮಗಳು ಫೋನಿನಲ್ಲಿ ಒಂದು ಬಾಂಬು ಹಾಕಿದಳು. "ನಮಗಿಲ್ಲಿ ನೋಡೋದು ಡಾಕ್ಟರಲ್ಲ ಅಜ್ಜಿ, ನರ್ಸು. ಮಾತ್ರೇನೂ ಅವರೇ ಬರಕೊಡ್ತಾರೆ." ದೊಡ್ಡಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು. ಹುಡುಗಿಗೆ ಅಷ್ಟು ದೂರದಲ್ಲಿ ಡಾಕ್ಟರೂ ಸಿಗದಷ್ಟು ಬಡತನ ಬಂತಲ್ಲ ಎಂಬ ದುಃಖ ಅವಳದು. ಬಡತನವಲ್ಲ, ಪದ್ಧತಿ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಶುರುಮಾಡಿದ ತರಬೇತಿಯಿಂದ 'ನರ್ಸ್ ಪ್ರಾಕ್ಟೀಷನರ್' ಎಂಬ ಹುದ್ದೆ ಹುಟ್ಟಿತು. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಅಲ್ಲಿ ಕಾನೂನಾದದ್ದೂ ಅದೇ ವರ್ಷ. ಇಂದಿಗೂ ಅಲ್ಲಿನ ಬಡವರು ಆ ವಿಮೆ ಒಪ್ಪುವ ಕ್ಲಿನಿಕ್ ಹತ್ತಿರದಲ್ಲಿ ಎಲ್ಲಿದೆ ಎಂದು ಫೋನು ಮಾಡಿ ಮಾಡಿ ಹುಡುಕುತ್ತಾರೆ. 'ಇದು ಇಲ್ಲಿ ನಡೆಯಲ್ಲ' ಎನ್ನುವ ಹುಡುಗ ಆ ದೇಶದಲ್ಲೂ ಇದ್ದಾನೆ.

ನಮ್ಮಲ್ಲಿ ಅಂಥ ನರ್ಸ್ ಎಲ್ಲಿ ಎಂದು ಹುಡುಕಿದರೆ ಉತ್ತರ ದೊಡ್ಡಮ್ಮನ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿತ್ತು. ಬಯಲುಸೀಮೆಯಲ್ಲಿ ಸುಮಾರು ಐದು ಸಾವಿರ ಜನಕ್ಕೊಂದು ಆರೋಗ್ಯ ಉಪಕೇಂದ್ರ ಇರಬೇಕೆಂಬುದು ಸರ್ಕಾರದ ಲೆಕ್ಕ. ಅವುಗಳಿಗೆ 2018ರಲ್ಲಿ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಎಂಬ ಹೊಸ ಹೆಸರು ಬಂತು, 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಇನ್ನೂ ಹೊಸ ಹೆಸರು. ಬೋರ್ಡು ಬದಲಾದದ್ದು ಎಲ್ಲರಿಗೂ ಕಂಡಿತು. ಒಳಗೆ ಬಂದು ಕೂತ ಸಮುದಾಯ ಆರೋಗ್ಯ ಅಧಿಕಾರಿ ಯಾರಿಗೂ ಕಾಣಲಿಲ್ಲ. ಈ ಹುದ್ದೆಯಲ್ಲಿರುವವರು ಬಹುಪಾಲು ನರ್ಸಿಂಗ್ ಪದವೀಧರರು. ಸಮುದಾಯ ಆರೋಗ್ಯದ ಪ್ರತ್ಯೇಕ ತರಬೇತಿ ಪಡೆದವರು. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವುದು, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿನ ಲಕ್ಷಣ ತಪಾಸಣೆ ಮಾಡುವುದು ಅವರ ಕೆಲಸ. ಮಾತ್ರೆ ಶುರುಮಾಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ತಿಂಗಳು ತಿಂಗಳು ಕೊಡುವುದು ಇವರು. ಅನುಮಾನ ಬಂದರೆ ಇ-ಸಂಜೀವಿನಿಯಲ್ಲಿ ಡಾಕ್ಟರನ್ನು ಪರದೆಯ ಮೇಲೆ ಕರೆಯುತ್ತಾರೆ. ಫೀಜಿಲ್ಲ. ಐದು ಲಕ್ಷದ ಕಾರ್ಡನ್ನೂ ಯಾರೂ ಕೇಳುವುದಿಲ್ಲ.

ದೊಡ್ಡಮ್ಮನನ್ನು ಉಪಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಅಧಿಕಾರಿಯಾಗಿರುವ ಹುಡುಗಿ ತೋಳಿಗೆ ಪಟ್ಟಿ ಸುತ್ತಿ, ಬೆರಳು ಚುಚ್ಚಿ, "ಅಮ್ಮಾ, ಮಾತ್ರೆ ಎಷ್ಟು ದಿನದಿಂದ ಬಿಟ್ಟಿದ್ದೀರಾ?" ಎಂದು ಕೇಳಿದಳು. ದೊಡ್ಡಮ್ಮನ ಗುಟ್ಟು ರಟ್ಟಾಯಿತು. ಹೊರಗೆ ಬಂದ ಮೇಲೆ ಅವಳ ತೀರ್ಪು: "ಒಳ್ಳೆ ಮಗು. ಆದ್ರೆ ಸೂಜಿ ಹಾಕಲಿಲ್ಲ."

ಇದೇ ನಮ್ಮ ಕಾಯಿಲೆ. ಸೂಜಿ ಹಾಕಿದವನು ಏನೂ ಓದದಿದ್ದರೂ ಡಾಕ್ಟರು, ಓದಿ ಬಂದು ಮಾತಾಡಿಸಿದವಳು ಬರೀ ನರ್ಸಮ್ಮ. ನಮ್ಮ ವೈದ್ಯರಿಗೂ ಇಂಥದೇ ಅನುಮಾನವಿದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು ಮಧ್ಯಮ ಹಂತದ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ಕೊಡಬಹುದೆಂದಿತು. ಅದರ ವಿರುದ್ಧ ದೇಶದ ವೈದ್ಯರು ಬೀದಿಗಿಳಿದರು. ಅರೆಬರೆ ಕಲಿತವರ ಕೈಗೆ ಔಷಧ ಕೊಡಬಾರದೆಂಬ ಅವರ ಭಯ ಸುಳ್ಳಲ್ಲ. ಆದರೆ ಹಳ್ಳಿಯಲ್ಲಿ ಏನೂ ಕಲಿಯದವರ ಕೈಯಲ್ಲಿ ಸಿರಿಂಜು ಇರುವುದೂ ಸುಳ್ಳಲ್ಲ. ಈ ನಡುವೆ ಉಪಕೇಂದ್ರದ ಹುಡುಗಿ ಗುತ್ತಿಗೆಯ ಮೇಲೆ ದುಡಿಯುತ್ತಾಳೆ. ಊರಿನ ಅರ್ಧ ಜನರ ಬಿಪಿ ನೋಡುವವಳ ಸ್ವಂತ ಕೆಲಸಕ್ಕೇ ಭದ್ರತೆ ಇಲ್ಲ.

ವಿದುರಾಶ್ವತ್ಥ ಬಾಯಿಲ್ಲದವರ ಊರಲ್ಲ. 1938ರ ಏಪ್ರಿಲ್ 25ರಂದು ನಿಷೇಧವಿದ್ದರೂ ಧ್ವಜ ಹಾರಿಸಲು ಸೇರಿ ಗುಂಡಿಗೆ ಎದೆಯೊಡ್ಡಿದವರ ಸ್ಮಾರಕ ಅಲ್ಲಿದೆ. ಅವರ ಮೊಮ್ಮಕ್ಕಳಾದ ನಾವು ಉಪಕೇಂದ್ರದ ಬಾಗಿಲಲ್ಲಿ ನಿಂತು ಒಂದೆರಡು ಪ್ರಶ್ನೆ ಕೇಳಲು ಯಾಕೆ ಸಂಕೋಚಪಡಬೇಕು? ಕಾರ್ಡು ಪಟದ ಹಿಂದೆಯೇ ಇರಲಿ, ಹಾಸಿಗೆ ಹಿಡಿದ ದಿನ ಅದು ಬೇಕಾಗುತ್ತದೆ. ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವವಳು ನಿಮ್ಮೂರಿಗೂ ಸಿಗಬೇಕಾದವಳು. ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ಮಾತು ಕೇಳಿ: ಉಪಕೇಂದ್ರದ ಹುದ್ದೆ ಭರ್ತಿಯಾಗಿದೆಯೇ? ಬಿಪಿ, ಶುಗರ್ ಮಾತ್ರೆ ದಾಸ್ತಾನಿದೆಯೇ? ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ?