ವಾಯೇಜರ್ ಹೊತ್ತೊಯ್ದ ಸಲಾಂ

ನಿಮ್ಮ ಮನೆಯಲ್ಲಿ 1977ರಲ್ಲಿ ಕೊಂಡ ಯಂತ್ರವೊಂದು ಇನ್ನೂ ಕೆಲಸ ಮಾಡುತ್ತಿದೆಯೇ ಸಹೋದರಿಯರೇ? ನಮ್ಮ ಮನೆಯಲ್ಲಿದೆ. ಉಮ್ಮನ ಹೊಲಿಗೆ ಮಿಷನ್. ಬೆಲ್ಟ್ ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ, ತುಳಿದರೆ ಈಗಲೂ ಓಡುತ್ತದೆ.

ಅದೇ ವರ್ಷ ಅಮೆರಿಕದ ನಾಸಾ ಸಂಸ್ಥೆ ಎರಡು ನೌಕೆಗಳನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಆಗಸ್ಟ್ 20ರಂದು ವಾಯೇಜರ್-2, ಸೆಪ್ಟೆಂಬರ್ 5ರಂದು ವಾಯೇಜರ್-1. ನಾನು ತಪ್ಪಿ ಬರೆದದ್ದಲ್ಲ, ಎರಡನೆಯದೇ ಮೊದಲು ಹೊರಟದ್ದು. ಒಂದನೆಯದರ ದಾರಿ ಹತ್ತಿರದ್ದಾದ್ದರಿಂದ ಅದು ಗುರು ಗ್ರಹವನ್ನು ಮೊದಲು ತಲುಪಿತು. ಗುರು, ಶನಿಗಳನ್ನು ಎರಡೂ ಕಂಡವು. ಯುರೇನಸ್, ನೆಪ್ಚೂನ್‌ಗಳ ಬಳಿಗೆ ಹೋದದ್ದು ವಾಯೇಜರ್-2 ಮಾತ್ರ. ಸೂರ್ಯನಿಂದ ಬೀಸುವ ಕಣಗಳ ಗಾಳಿ ಕೊನೆಗೊಳ್ಳುವ ಎಲ್ಲೆಯನ್ನು 2012ರಲ್ಲಿ ಒಂದು, 2018ರಲ್ಲಿ ಇನ್ನೊಂದು ದಾಟಿದವು.

ಅಷ್ಟು ದೂರದಲ್ಲಿ ಕೆಟ್ಟರೆ ರಿಪೇರಿಗೆ ಯಾರು ಹೋಗುತ್ತಾರೆ? 2023ರ ನವೆಂಬರ್‌ನಲ್ಲಿ ವಾಯೇಜರ್-1 ಅರ್ಥವಿಲ್ಲದ ಸಂದೇಶಗಳನ್ನು ಕಳಿಸತೊಡಗಿತು. ಮಾತಿದೆ, ಅರ್ಥವಿಲ್ಲ. ವಯಸ್ಸಾದ ಹಿರಿಯರನ್ನು ನೋಡಿಕೊಂಡವರಿಗೆ ಆ ಸಂಕಟ ಗೊತ್ತು. ನೆನಪಿನ ಒಂದು ಚಿಪ್ ಹಾಳಾಗಿದೆಯೆಂದು ಕ್ಯಾಲಿಫೋರ್ನಿಯಾದ ಇಂಜಿನಿಯರುಗಳು ತಿಂಗಳುಗಟ್ಟಲೆ ಹುಡುಕಿ ಕಂಡುಕೊಂಡರು. ಅಲ್ಲಿದ್ದ ಬರಹವನ್ನು ಇಡಿಯಾಗಿ ಇಡಲು ಬೇರೆಲ್ಲೂ ಜಾಗವಿರಲಿಲ್ಲ. ತುಂಡು ತುಂಡು ಮಾಡಿ, ಜಾಗ ಸಿಕ್ಕಲ್ಲೆಲ್ಲ ಇಡುವಂತೆ 2024ರ ಏಪ್ರಿಲ್ 18ರಂದು ಆದೇಶ ಕಳಿಸಿದರು. ಬೆಳಕಿನ ವೇಗದಲ್ಲಿ ಹೋಗುವ ಆ ಆದೇಶಕ್ಕೆ ಅಲ್ಲಿಗೆ ತಲುಪಲು ಆಗ ಇಪ್ಪತ್ತೆರಡೂವರೆ ಗಂಟೆ ಬೇಕಿತ್ತು, ಉತ್ತರ ಬರಲು ಮತ್ತಷ್ಟೇ. ಏಪ್ರಿಲ್ 20ರಂದು ತಿಳಿಯುವ ಮಾತು ಬಂತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಇವುಗಳಿಗೆ ವಿದ್ಯುತ್ ಸಿಗುವುದು ಪ್ಲುಟೋನಿಯಂನ ಬಿಸಿಯಿಂದ. ಅದು ವರ್ಷಕ್ಕೆ ಸುಮಾರು 4 ವಾಟ್‌ನಷ್ಟು ಕುಗ್ಗುತ್ತಾ ಬಂದಿದೆ. ಹಾಗಾಗಿ ಒಂದೊಂದೇ ಉಪಕರಣ ಆರಿಸಬೇಕು. ವಾಯೇಜರ್-1ರ ಕ್ಯಾಮರಾ 1990ರಲ್ಲೇ ಕಣ್ಣು ಮುಚ್ಚಿತು, ಭೂಮಿಯನ್ನು ಒಂದು ಚುಕ್ಕೆಯಾಗಿ ತೋರಿಸಿದ ಮೇಲೆ. ಆಮೇಲೆ ಕೆಲವು ಹೀಟರುಗಳು. 2025ರ ಫೆಬ್ರವರಿಯಲ್ಲಿ ಒಂದರಲ್ಲಿ, ಮಾರ್ಚ್‌ನಲ್ಲಿ ಇನ್ನೊಂದರಲ್ಲಿ ಒಂದೊಂದು ಉಪಕರಣ. ಉಳಿದವು ಇನ್ನಷ್ಟು ದಿನ ನಡೆಯಲಿ ಎಂಬುದೇ ಲೆಕ್ಕ.

ಉಮ್ಮ ಕೂಡ ಹೀಗೆಯೇ ಮಾಡಿದರು. ಕಣ್ಣು ಮಂಜಾದಾಗ ಮೊದಲು ಹೊಲಿಗೆ ಬಿಟ್ಟರು, ಆಮೇಲೆ ಪತ್ರಿಕೆ. ಅಕ್ಕಿ ಆರಿಸುವುದನ್ನೂ ನನಗೆ ಕೊಟ್ಟರು. ಉಳಿದ ದೃಷ್ಟಿಯನ್ನು ಕುರ್‌ಆನ್ ಓದಲು ಎತ್ತಿಟ್ಟಿದ್ದಾರೆ. ನನಗೆ ಮೊದಲು ಅದು ಸೋಲಿನಂತೆ ಕಂಡಿತ್ತು. “ಡಾಕ್ಟರಿಗೆ ತೋರಿಸೋಣ, ಯಾಕೆ ಬಿಡುತ್ತೀರಿ?” ಎಂದು ಜಗಳವಾಡಿದ್ದೆ. ತೋರಿಸಿಯೂ ಆಯಿತು. ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರ್.

ಎರಡೂ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆಯೊಂದಿದೆ. ಅದರಲ್ಲಿ 55 ಭಾಷೆಗಳ ಶುಭಾಶಯ. ನಮ್ಮ ಕನ್ನಡವಿದೆ, ಅರಬಿ ಇದೆ. ಉರ್ದುವಿನದು ‘ಅಸ್ಸಲಾಮು ಅಲೈಕುಂ’ ಎಂದೇ ಆರಂಭವಾಗುತ್ತದೆ. ಇದನ್ನು ಉಮ್ಮನಿಗೆ ಹೇಳಿದೆ.

“ಯಾರಾದರೂ ಉತ್ತರ ಹೇಳಿದರಾ?” ಎಂದು ಕೇಳಿದರು.

“ಇಲ್ಲ ಉಮ್ಮ. ಸುಮಾರು 40,000 ವರ್ಷ ಕಳೆದ ಮೇಲೆ ವಾಯೇಜರ್-1 ಬೇರೊಂದು ನಕ್ಷತ್ರದ ಹತ್ತಿರ ಹೋಗುತ್ತದಂತೆ. ಹತ್ತಿರ ಎಂದರೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಹೆಚ್ಚು ದೂರ.”

ಉಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಅಷ್ಟು ಕಾಲ ಸಲಾಮಿಗೆ ಉತ್ತರವಿಲ್ಲದೆ ಇರಬಾರದು” ಎಂದು ಹೇಳಿ, ಮೆಲ್ಲಗೆ “ವ ಅಲೈಕುಮುಸ್ಸಲಾಂ” ಅಂದರು.