ಓಟೆಮಾಚಿಯಲ್ಲಿ ನನ್ನ ಮೊದಲ ಡೋಸ್

2021ರ ಆಗಸ್ಟ್. ಟೋಕಿಯೊದಲ್ಲಿ ಒಲಿಂಪಿಕ್ಸ್ ಮುಗಿದಿತ್ತು, ಡೆಲ್ಟಾ ಮುಗಿದಿರಲಿಲ್ಲ. ವಿಳಾಸ ನೋಂದಾಯಿಸಿದ ವಿದೇಶಿಯರಿಗೂ ಲಸಿಕೆ ಚೀಟಿ ಅಂಚೆಯಲ್ಲೇ ಬರುತ್ತಿತ್ತು, ಲಸಿಕೆಗೆ ಕಾಸಿಲ್ಲ. ನನ್ನದನ್ನ ತೆರಿಗೆ ನೋಟಿಸ್ ಅಂದುಕೊಂಡು ಎರಡು ವಾರ ಫ್ರಿಜ್ ಮೇಲಿಟ್ಟಿದ್ದೆ!

ಆತ್ಮರಕ್ಷಣಾ ಪಡೆ ನಡೆಸುತ್ತಿದ್ದ ಓಟೆಮಾಚಿ ಕೇಂದ್ರಕ್ಕೆ ಹೋದೆ. ಫಾರಂ ಪೂರ್ತಿ ಜಪಾನಿ. ಇಂಗ್ಲಿಷ್ ಅನುವಾದ ಪಕ್ಕದಲ್ಲಿಟ್ಟುಕೊಂಡು, ಪರೀಕ್ಷೆಯಲ್ಲಿ ಕಾಪಿ ಹೊಡೆಯೋ ಹಾಗೆ ಟಿಕ್ ಹಾಕಿದೆ. ಒಂದು ಸಾಲು ತಪ್ಪಿ ಇಲ್ಲದ ಅಲರ್ಜಿಗೆ 'ಹೌದು' ಅಂದಿದ್ದೆ. ಡಾಕ್ಟರೇ ಕೇಳಿ ತಿದ್ದಿಸಿದರು. ಮಾಡರ್ನಾ ಚುಚ್ಚಿ 15 ನಿಮಿಷ ಕೂರಿಸಿದರು.

ಹೊರಗೆ ಬಂದವನೇ ಹಾಸನಕ್ಕೆ ಫೋನ್ ಮಾಡಿದೆ. ಅಮ್ಮ ಎರಡನೇ ಡೋಸ್‌ಗೆ ಬೆಳಗ್ಗೆ ಆರಕ್ಕೇ ಕ್ಯೂ ನಿಂತು, ಸ್ಟಾಕಿಲ್ಲ ಅಂತ ವಾಪಸ್ ಬಂದಿದ್ದಳು. ನನಗಾಯ್ತು ಅನ್ನೋಕೆ ನಾಲಿಗೆ ಏಳಲಿಲ್ಲ. ಅವಳೇ ಕೇಳಿದಳು:

"ನಿಂದಾಯ್ತಾ ಮಗ? ಸದ್ಯ. ತೋಳು ನೋಯ್ತಿದ್ಯಾ?"